ಹುಟ್ಟು ಗುರುತು

ವರ್ಷಕ್ಕೊಮ್ಮೆ, ನವೆಂಬರಿನಾಗ ಬರ್ತಿದ್ರು
ಯಾದಗಿರಿ ಸ್ಟೇಶನ್ ರಸ್ತೆಯ ನಮ್ಮ ಬ್ಯಾಂಕಿಗೆ,
ಮೂರನೇ ಕೌಂಟರಿಗೆ, ನನ್ನ ಮುಂದ,
ತಾವಿನ್ನೂ ಬದುಕಿದ್ದೀವಿ ಅಂತ ಬರೆದುಕೊಡಲಿಕ್ಕೆ.

ಹೆಸರು: ಹಯ್ಯಾಳಪ್ಪ ಅಂಬಿಗೇರ.
ಹುದ್ದೆ: ರಿಯರ್ ಅಡ್ಮಿರಲ್, ನಿವೃತ್ತ.
ಮೊದಲ ಸಲ ಫಾರ್ಮ್ ಓದಿ ನಕ್ಕುಬಿಟ್ಟಿದ್ದೆ,
ಬ್ಯಾಸಗಿಗೆ ಕೊಡ ತುಂಬದ ಊರಾಗ ಅಡ್ಮಿರಲ್ ಎಲ್ಲಿಂದ ಬಂದ್ರಂತ.
ಅವರೂ ನಕ್ಕರು.
"ಕೊಚ್ಚಿಯಾಗ ಅದನ್ನೇ ಕೇಳಿದ್ರು ತಂಗಿ, ಇಂಗ್ಲಿಷಿನಾಗ."

ಕಾಲು ಅಗಲಿಸಿ ನಿಲ್ತಿದ್ರು ಸಾಲಿನಾಗ,
ನೆಲ ಯಾವ ಗಳಿಗಿಗೂ ವಾಲಬಹುದು ಅನ್ನೋ ಹಂಗ.
ವಿಧವಾ ವೇತನದ ಮಾಬಮ್ಮ,
ರೈಲ್ವೆ ಪಾಯಿಂಟ್ಸ್‌ಮನ್ ಲಾಳೇಸಾಬ,
ಅವರ ಹಿಂದ ಇವರು.
ಮ್ಯಾನೇಜರ್ ಒಳಗ ಕರದ್ರೂ ಹೋಗ್ತಿರಲಿಲ್ಲ.

ಠಸ್ಸೆ ಒಣಗೋತನಕ ಒಂದು ತುಣುಕು ಮಾತು.
ಅಪ್ಪನ ಹರಗೋಲು, ತುಂಬಿದ ಭೀಮಾ,
ಜೋಳದ ಚೀಲ, ಮದುವಿ ಮಂದಿ, ನಿಜಾಮ ಸರ್ಕಾರದ ಪಟವಾರಿ,
ಒಮ್ಮೆ ಬರೀ ಒಂದು ಆಡು,
ಯಾರದಂತ ಇವತ್ತಿಗೂ ಗೊತ್ತಿಲ್ಲ.
"ಮುಳುಗೋನ ಹೆಸರು ಕೇಳಬ್ಯಾಡ" ಅಂತಿದ್ದನಂತ ಅಪ್ಪ,
"ದಂಡಿಗೆ ಬಂದಮ್ಯಾಲ ಬೇಕಾದ್ರ ಜಗಳಾಡು."
ಉರ್ದು ಸಾಲ್ಯಾಗ ಸಮುಂದರ್ ಅಂತ ಬರೆದು
ಹತ್ತು ವರ್ಷದ ಮ್ಯಾಲ ಅದನ್ನ ಕಣ್ಣಿಲೆ ಕಂಡದ್ದು.
"ಕಾಗುಣಿತ ಸರಿ ಇತ್ತು. ಅಳತಿ ಇರಲಿಲ್ಲ."

ಆಮ್ಯಾಲ ದೊಡ್ಡ ಹಡಗು. ಏಳುನೂರು ಮಂದಿ,
ಒಂದು ಬೇಕರಿ, ಒಂದು ಜೈಲು ಕೋಣಿ, ತೋಪು.
ತೋಪು ಹಾರಿದ್ರ ಎದಿಯೊಳಗಿನ ಗಾಳಿ ಖಾಲಿ.
"ಕಪ್ತಾನ ಆದವ ಏನು ಮಾಡ್ತಾನ್ರಿ?"
"ಏನೂ ಮಾಡಂಗಿಲ್ಲ. ಮಲಗಂಗಿಲ್ಲ, ಅಷ್ಟ."

ಒಂದು ವರ್ಷ ಮಾತೇ ಇಲ್ಲ.
ಕುಟುಂಬ ಪಿಂಚಣಿ ಕಾಲಮ್ಮಿನಾಗ ಹೆಂಡತಿ ಹೆಸರು,
ಅದರ ಮ್ಯಾಲ ಗೆರಿ,
ಅಳತಿಪಟ್ಟಿ ಇಟ್ಟು ಎಳೆದದ್ದು.

ಯುದ್ಧದ ರಾತ್ರಿ ಬಗ್ಗೆ ಕೇಳಿದ್ದು ನಾನೇ.
ಎದುರಾಳಿ ಹಡಗು ಉರೀತಿತ್ತಂತ.
ಎಣ್ಣಿ ಹರಡಿದ ನೀರಾಗ ತಲಿಗಳು,
ಅಕಾಲ ಮಳಿಗೆ ಹೊಳಿ ಹೊತ್ತೊಯ್ಯೋ ಕಲ್ಲಂಗಡಿ ಹಂಗ.
ನಿಲ್ಲಬಾರದಂತ ಹುಕುಂ,
ಅಡಿಯಾಗ ಜಲಾಂತರ್ಗಾಮಿ ಇರಬಹುದಂತ.
"ನಿಂತ್ರೇನ್ರಿ?"
ಫಾರ್ಮಿನ ಮಸಿ ಊದಿದರು.
"ಹನ್ನೊಂದು ಮಿನಿಟು ನಿಂತೆ. ನಲವತ್ತು ಮಂದಿನ್ನ ಎತ್ತಿದ್ವಿ.
ಹನ್ನೆರಡಕ್ಕ ಹೊಂಟೆ.
ಇನ್ನೂ ಕೂಗಾಕತ್ತಿದ್ರು."
ಪದಕ ಕೊಟ್ಟದ್ದು ನಿಂತಿದ್ದಕ್ಕೋ, ಹೊಂಟಿದ್ದಕ್ಕೋ,
ಕೇಳಬೇಕಂದೆ.
ಹಿಂದಿನವರು ಕೆಮ್ಮಿದರು.

ಅಡ್ಮಿರಲ್ ಆದ ಕಥಿ ಸಣ್ಣದು:
ಹಡಗು ಕಸಗೊಂಡು ಕುರ್ಚಿ ಕೊಟ್ರು.
ದಿಲ್ಲಿಯಾಗ ನಾಕು ವರ್ಷ ಫೈಲು. ಕಿಟಕಿ ಹೊರಗ ಬೇವಿನ ಗಿಡ.
ಎಲಿ ನೋಡಿ ಗಾಳಿ ಯಾವ ಕಡಿದಂತ ಹೇಳ್ತಿದ್ರಂತ,
ಕೇಳೋರಿರಲಿಲ್ಲ.

ಈ ಸಲ ಕಾಗದ ಹೋಗಿ ಯಂತ್ರ ಬಂದಿತ್ತು.
ಹೆಬ್ಬೆರಳು ಇಡ್ರಿ ಸರ್. ಕೆಂಪು ದೀಪ.
ಒರಸಿ ಇಡ್ರಿ. ಕೆಂಪು.
ಎಡಗೈದು. ಹತ್ತೂ ಬೆರಳು ಮುಗದ್ವು.
ಯಂತ್ರದ ಪ್ರಕಾರ ಕೌಂಟರಿನ ಆಚಿ ಯಾರೂ ಇಲ್ಲ.

ಅಂಗೈ ತಿರುವಿ ಬೆಳಕಿಗೆ ಹಿಡಿದರು,
ಹೊಳಿ ಕಲ್ಲಿನಂಗ ನುಣ್ಣಗ.
"ಡಾಕ್ಟರು ವಯಸ್ಸು ಅಂತಾನ.
ನಾ ಅಪ್ಪನ ಹುಟ್ಟು ಅಂತೀನಿ. ಹತ್ತರಾಗ ಹಿಡಿದದ್ದು,
ಸಮುದ್ರ ಮುಟ್ಟೋಕಿಂತ ಮೊದಲೇ ಅಳಿಸಿತ್ತು."

ಬೀರುವಿನಾಗ ಹಳೇ ಫಾರ್ಮ್ ಒಂದು ಉಳಿದಿತ್ತು,
ಅಂಚು ಗೆದ್ದಲು ತಿಂದದ್ದು.
ಹುಟ್ಟು ಗುರುತು ಅನ್ನೋ ಕಡೆ ಪೆನ್ನು ನಿಂತಿತು.
ಹಿಂದಿನ ವರ್ಷಗಳಾಗ ಏನು ಬರೀತಿದ್ದೆ?
ಬಲ ಹುಬ್ಬಿನ ಮ್ಯಾಲ ಮಚ್ಚಿ.
ಈ ಸಲ ಬರೆದೆ: ಎರಡೂ ಅಂಗೈ.
ಮ್ಯಾನೇಜರ್ ಓದದೇ ಸಹಿ ಹಾಕಿದರು.

ಹೊರಗ ಬಿಸಿಲಿಗೆ ಡಾಂಬರು ತೆರಿಯಾಡ್ತಿತ್ತು.
ಮೆಟ್ಟಿಲ ಮ್ಯಾಲ ನಿಂತು
ಹೆಬ್ಬೆರಳು ನಾಲಿಗಿಗೆ ಒದ್ದಿ ಮಾಡಿ
(ಯಂತ್ರ ಒಪ್ಪದ ಅದೇ ಬೆರಳು)
ಮ್ಯಾಲ ಎತ್ತಿ ಹಿಡಿದರು, ಗಾಳಿ ನೋಡಿದರು,
ಗಾಂಧಿ ಚೌಕದ ಕಡೆ ಹೊಂಟರು.